ಹೊತ್ತು ಮುಳುಗುವ ಮುಂಚೆ

ನಾಯಿಗೆ ವಿಚಾರ ಇರುತ್ತದೆಯೇ ಎಂದು ಇಂದುಮತಿ ಕೇಳಿದ್ದೇ ತಡ, ಭೂಪಾಲ ಮುಂದಿದ್ದ ತಾಟನ್ನೇ ಮರೆತ. ಬಡಿಸುತ್ತಿದ್ದ ಶಾಲನ ಸೌಟನ್ನು ಪಾತ್ರೆಗೆ ಕುಕ್ಕಿದಳು.

ಅದು ಸಮಡೋಳಿ ಎಂಬ ಹಳ್ಳಿಯಲ್ಲಿ ಶಾಲನಳ ಮನೆ, ಜೈನರದು. ಪಕ್ಕದ ಮನೆಯ ಭೂಪಾಲ ವಿಶ್ರಾಮಬಾಗದ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದುತ್ತಿದ್ದ. ಶನಿವಾರ ಊರಿಗೆ ಬಂದನೆಂದರೆ ಊಟ ಇಲ್ಲೇ. ಇಂದುಮತಿ ಶಾಲನಳ ಮಾವಶಿಯ, ಎಂದರೆ ಅವ್ವನ ತಂಗಿಯ ಮಗಳು, ಮಿರಜದವಳು, ಮ್ಯಾಟ್ರಿಕ್ ಪಾಸಾದವಳು. ಭೂಪಾಲನಿಗೆ ಅವಳನ್ನು ಗೊತ್ತುಮಾಡಬೇಕೆಂದೇ ಸಖುಬಾಯಿ ಮಾವಶಿ ಮಗಳನ್ನು ಕರೆತಂದಿದ್ದಳು. ಇಪ್ಪತ್ತರ ಶಾಲನ ಮಾತ್ರ ಅವನೆದುರು "ಇನ್ನಷ್ಟು ನೀಡ್ಲೇನ್ರಿ?" ಎಂಬುದರಾಚೆ ಬಾಯಿ ಬಿಟ್ಟವಳಲ್ಲ. ಮನಸ್ಸಿನಲ್ಲಿದ್ದದ್ದೆಲ್ಲ ಅವನ ರೊಟ್ಟಿಗೆ ಹಚ್ಚುವ ಬೆಣ್ಣೆಯಾಗಿಯೇ ಹೊರಬರುತ್ತಿತ್ತು.

ಬಾಗಿಲಲ್ಲಿನ ನಾಯಿ ಭೂಪಾಲನ ಸೈಕಲ್ಲಿನ ಸಪ್ಪಳಕ್ಕೇ ಎದ್ದು ನಿಲ್ಲುತ್ತದೆ, ಅವನು ಬಂದನೆಂದು ಅದಕ್ಕೆ ತಿಳಿದಿರಬೇಕಲ್ಲ ಎಂದು ಇಂದುಮತಿ ಕಣ್ಣರಳಿಸಿದಳು. ಆ ಕಣ್ಣಿಗೆ ಕಾಡಿಗೆ ಹಚ್ಚಿದ್ದು ನಾಯಿಯ ಸಲುವಾಗಿ ಅಲ್ಲವೆಂದು ಶಾಲನಳಿಗೆ ಚೆನ್ನಾಗಿ ಗೊತ್ತಿತ್ತು.

"ಮಾತ ಇಲ್ಲದವ್ರಿಗೆ ವಿಚಾರ ಎಲ್ಲಿಂದ ಬರ್ತಾವ?" ಎಂದು ಭೂಪಾಲ ನಕ್ಕ.

ಹಾಗಾದರೆ ನನಗೂ ಇಲ್ಲವೇ? ಶಾಲನಳಿಗೆ ಉರಿದುಹೋಯಿತು.

"ಹೊತ್ತು ಮುಳುಗೇತಿ. ಊಟ ಸಾಕ್ ಮಾಡ್ರಿ," ಎಂದುಬಿಟ್ಟಳು.

ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಾಗಲಿ ಭೂಪಾಲನ ಮನೆಯಲ್ಲಾಗಲಿ ಯಾರೂ ತುತ್ತು ಎತ್ತುವುದಿಲ್ಲ. ಆದರೆ ಬೇವಿನ ತುದಿಯಲ್ಲಿ ಬಿಸಿಲು ಇನ್ನೂ ಇತ್ತು. ಇಂದುಮತಿ ಅದನ್ನು ತೋರಿಸಿ, ಹಗಲು ಎಲ್ಲಿ ಮುಗಿದು ರಾತ್ರಿ ಎಲ್ಲಿ ಸುರುವಾಗುತ್ತದೆಂದು ಗೆರೆ ಕೊರೆದವರು ಯಾರು, ನಿಮ್ಮ ತರ್ಕ ಏನನ್ನುತ್ತದೆ ಎಂದು ಮತ್ತೆ ಭೂಪಾಲನನ್ನೇ ಕೇಳಿದಳು. ಅವನು ಬೇವನ್ನು ನೋಡಿದ, ಶಾಲನಳ ಮುಖ ನೋಡಿದ. ಅರ್ಧ ರೊಟ್ಟಿ ಬಿಟ್ಟು ಕೈತೊಳೆಯಲು ಹಿತ್ತಲಿಗೆ ನಡೆದ.

ಶಾಲನ ತಂಬಿಗೆ ಹಿಡಿದು ಹಿಂದೆ ಹೋದಳು. ಸಿಟ್ಟು ಇಳಿದು ಅಳು ಬರುವಂತಾಗಿತ್ತು. ಬೆಳಗಿನವರೆಗೆ ಇನ್ನು ಅವನಿಗೆ ಉಪವಾಸ.

"ಬಿಸಲ ಇತ್ತು. ಕಾಣಲಿಲ್ಲೇನ್ರಿ?"

"ಕಂಡಿತು."

"ಮತ್ತ ಯಾಕ ಎದ್ರಿ?"

"ನೀ ಸುಳ್ಳ ಹೇಳಾಕಿ ಅಲ್ಲ. ಇವತ್ತ ಯಾಕ ಹೇಳಿದಿ ಅಂತ ಕೇಳಾಕ ಎದ್ದೆ."

ಅವನು ಕೈ ತೊಳೆದಾದ ಮೇಲೂ ಅವಳು ನೀರು ಸುರಿಯುತ್ತಲೇ ಇದ್ದಳು.

"ಅಕಿ ಕೂಡ ನೀವು ಮಾತಾಡಿದ್ರ ನನಗ ಸೇರೂದಿಲ್ಲ," ಎಂದಳು ಕೊನೆಗೆ. "ನಾಯಿ ವಿಷಯ ಇದ್ರೂ ಸೈತ."

ಭೂಪಾಲ ತಂಬಿಗೆ ಇಸಿದುಕೊಂಡು ಕಟ್ಟೆಯ ಮೇಲಿಟ್ಟ. ನಾಳೆ ಅವ್ವನನ್ನು ಹೆಣ್ಣು ಕೇಳಲು ಕಳಿಸುತ್ತೇನೆ ಎಂದ. ಶಾಲನ ಒಳಗೆ ಕುಳಿತ ಇಂದುಮತಿಯತ್ತ ತಿರುಗಿ ನೋಡಿದ್ದರಿಂದ, ನಿನ್ನನ್ನೇ, ಇಂದುಮತಿಯನ್ನಲ್ಲ ಎಂದು ಬಿಡಿಸಿ ಹೇಳಬೇಕಾಯಿತು.

"ಹಂಗಾದ್ರ ಈಗ ಒಳಗ ಹೋಗಿ ಅಕಿಗೂ ಹೇಳ್ರಿ," ಎಂದಳು. "ನಾ ಕೇಳಿಸ್ಕೋತ ಇಲ್ಲೇ ನಿಂದಿರ್ತೇನಿ."

ಭೂಪಾಲ ಒದ್ದೆಗೈಯಲ್ಲೇ ಒಳಗೆ ಹೋದ.