ತಲೆಕೆಳಗಾದ ಐಸ್ ಪೆಟ್ಟಿಗೆ

ತೋಟದಿಂದ ಬಂದ ಭಾಗ್ಯಮ್ಮ ಹೊಸ್ತಿಲಲ್ಲೇ ಕಲ್ಲಾಗಿ ನಿಂತಳು. ಕಂಕುಳಲ್ಲಿದ್ದ ಕುಕ್ಕೆ ಜಾರಿತು. ಚಕ್ಕೋತ ಹಣ್ಣುಗಳು ಪಡಸಾಲೆಯ ತುಂಬ ದಿಕ್ಕಾಪಾಲಾಗಿ ಉರುಳಿದವು.

ಮೂಲೆಯಲ್ಲಿದ್ದ ಐಸ್ ಪೆಟ್ಟಿಗೆ ತಲೆಕೆಳಗಾಗಿತ್ತು. ಅದರ ನಾಲ್ಕೂ ಕಾಲುಗಳು ಸೂರು ನೋಡುತ್ತಿದ್ದವು. ಪಕ್ಕದಲ್ಲಿ ಗುರುತಿಲ್ಲದ ಗಂಡಸೊಬ್ಬ ಅಂಗಿಯ ತೋಳು ಮಡಚಿಕೊಂಡು, ಗೋಣಿಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ನೆಮ್ಮದಿಯಾಗಿ ಕಡಲೇಕಾಯಿ ಸುಲಿಯುತ್ತಿದ್ದ.

"ಅಯ್ಯಯ್ಯೋ! ಯಾರ್ರೀ ನೀವು? ಏನ್ ಮಾಡ್ಬಿಟ್ರಿ ಇದನ್ನ?"

ಅವನು ತಟ್ಟನೆ ಎದ್ದು ನಿಂತ. ಮಡಿಲಲ್ಲಿದ್ದ ಸಿಪ್ಪೆಯೆಲ್ಲ ನೆಲಕ್ಕೆ ಬಿತ್ತು. "ಸಂಜೀವಪ್ಪ ಅಂತ. ಪಟ್ಟಣದ ದಂಡಿನ ಕಡೆ ರಿಪೇರಿ ಅಂಗಡಿಯಿಂದ ಬಂದೀನಿ. ನಿಮ್ಮಪ್ಪಾಜಿ ಕಾಗದ ಹಾಕಿದ್ರು."

"ಕೆಟ್ಟಿದೆ ಅಂತ ಕರೆಸಿದ್ರೆ ಕೊಂದೇ ಹಾಕಿದ್ರಲ್ರೀ!"

"ನಾನೂ ಬ್ಯಾಡ ಬ್ಯಾಡ ಅಂತ ಬಡ್ಕೊಂಡೆ ಕಣೆ," ಎಂದು ಅಡಿಗೆಮನೆಯ ಬಾಗಿಲಿಂದ ಮುನಿತಾಯತ್ತೆಯ ದನಿ ಬಂತು. ಭಾಗ್ಯಮ್ಮನ ತಂದೆಯ ಅಕ್ಕ ಆಕೆ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದಳು. "ನಿಮ್ಮಪ್ಪನೇ ಒಂದು ಕಡೆ ಹಿಡ್ಕೊಂಡು ಮಗುಚಿದ. ಇಬ್ಬರಿಗೂ ಬುದ್ಧಿ ನೆಟ್ಟಗಿಲ್ಲ."

"ಸತ್ತಿಲ್ಲಮ್ಮ, ಉಸಿರು ಕಟ್ಟಿದೆ ಅಷ್ಟೆ," ಎಂದ ಸಂಜೀವಪ್ಪ. "ಒಳಗಿನ ಕೊಳವೇಲಿ ಗ್ಯಾಸು ಸಿಕ್ಕೊಂಡಿರ್ತದೆ. ನಾಲ್ಕು ಗಂಟೆ ಹಿಂಗಿಟ್ರೆ ತಾನಾಗೇ ಬಿಡ್ತದೆ."

ಭಾಗ್ಯಮ್ಮನಿಗೆ ಅದೊಂದೂ ಕಿವಿಗೆ ಬೀಳಲಿಲ್ಲ. "ಔಷಧಿ? ಒಳಗೆ ಅಪ್ಪನ ಔಷಧಿ ಇತ್ತಲ್ಲ?"

ಅವನು ಬಚ್ಚಲ ಪಕ್ಕದ ನೆರಳಿನ ಮೂಲೆಗೆ ಕೈ ತೋರಿಸಿದ. ದೊಡ್ಡ ಮಡಕೆಯ ತುಂಬ ಒದ್ದೆ ಮರಳು, ಮರಳಿನ ನಡುವೆ ಪುಟ್ಟ ಕುಡಿಕೆ, ಕುಡಿಕೆಯೊಳಗೆ ಇನ್ಸುಲಿನ್ ಶೀಶೆಗಳು, ಮೇಲೆ ತಣ್ಣೀರಲ್ಲಿ ಅದ್ದಿದ ಬಟ್ಟೆ.

"ಬಂದ ತಕ್ಷಣ ಮೊದಲು ಮಾಡಿದ್ದೇ ಅದು," ಎಂದ.

ತಪ್ಪು ತನ್ನದೆಂದು ಭಾಗ್ಯಮ್ಮನಿಗೆ ಗೊತ್ತಾಯಿತು. ಆದರೆ ಸೋಲೊಪ್ಪಿಕೊಳ್ಳುವ ಜಾಯಮಾನ ಅವಳದಲ್ಲ. ಬಗ್ಗಿ ಅವನ ಹತ್ಯಾರದ ಚೀಲ ಎತ್ತಿಕೊಂಡಳು. "ಐಸ್ ಕಟ್ಟೋವರೆಗೂ ಇದು ನನ್ನ ಹತ್ರ ಇರ್ತದೆ."

"ಸಂಜೆ ರೈಲಿಗೆ ಹೋಗ್ಬೇಕಲ್ಲ ನಾನು?"

"ರೈಲು ಹೋಗ್ಲಿ. ನೀವಿರಿ."

ಆಡಿದ ಮೇಲೆ ಅವಳಿಗೇ ಕಿವಿ ಬಿಸಿಯಾಯಿತು. ಅವನು ನಗು ಬಿಗಿಹಿಡಿದು ಮತ್ತೆ ಕಡಲೇಕಾಯಿಗೆ ಕೈ ಹಾಕಿದ.

ಅದು ಸಾವಿರದ ಒಂಬೈನೂರ ನಲವತ್ತೆಂಟರ ಫೆಬ್ರವರಿ. ದೇವನಹಳ್ಳಿಯಲ್ಲಿ ಚಕ್ಕೋತದ ತೋಟ ಇಟ್ಟುಕೊಂಡಿದ್ದ ರಾಮಾಂಜಿನಪ್ಪನವರಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇಂಜೆಕ್ಷನ್ನು, ಅದನ್ನು ತಂಪಾಗಿಡಬೇಕು. ಅವರ ಬೀದಿಗೆ ಕರೆಂಟು ಬಂದಿರಲಿಲ್ಲ. ತಮ್ಮ ದೇಶಕ್ಕೆ ವಾಪಸು ಹೊರಟಿದ್ದ ಇಂಗ್ಲಿಷ್ ದೊರೆಯೊಬ್ಬರು ಸಾಮಾನು ಮಾರುವಾಗ ಸೀಮೆಎಣ್ಣೆಯಲ್ಲಿ ನಡೆಯುವ ಈ ಪೆಟ್ಟಿಗೆ ಕೊಂಡು, ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ತಂದಿದ್ದರು. ಕೆಳಗೆ ಬೆಂಕಿ ಹಚ್ಚಿದರೆ ಮೇಲೆ ಮಂಜುಗಡ್ಡೆ ಕಟ್ಟುವುದನ್ನು ಮೊದಲ ದಿನ ನೋಡಿದ ಮುನಿತಾಯತ್ತೆ ಇದು ಮಾಟವೇ ಸೈ ಎಂದು ಎರಡು ದಿನ ಪಡಸಾಲೆಗೆ ಕಾಲಿಟ್ಟಿರಲಿಲ್ಲ.

ಸಂಜೆ ನಾಲ್ಕಕ್ಕೆ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. ಸಂಜೀವಪ್ಪ ಅದರ ಮೇಲೊಂದು ತಟ್ಟೆ ನೀರಿಟ್ಟು, ನೀರು ಯಾವ ಕಡೆಗೂ ವಾಲದಂತೆ ಕಾಲುಗಳ ಕೆಳಗೆ ಹೆಂಚಿನ ಚೂರು ಕೊಟ್ಟ. ಹಿಂದಿನ ಹೊಗೆ ಕೊಳವೆಯಿಂದ ಬೊಗಸೆ ಮಸಿ ತೆಗೆದ. ಬತ್ತಿಯನ್ನು ಸಮನಾಗಿ ಕತ್ತರಿಸಿ ಹಚ್ಚಿದ.

"ಉರಿ ಹಳದಿಯಿದ್ರೆ ಮಸಿ ಕಟ್ತದೆ. ನೀಲಿ ಇರ್ಬೇಕು. ಬಗ್ಗಿ ನೋಡಿ."

ಭಾಗ್ಯಮ್ಮ ಬಗ್ಗಿದಳು. ಅವನೂ ಬಗ್ಗಿದ್ದ. ಪುಟ್ಟ ಗಾಜಿನ ಕಿಟಕಿಯಲ್ಲಿ ನೀಲಿ ಉರಿ ಮೆಲ್ಲಗೆ ನಡುಗುತ್ತಿತ್ತು. ಅದನ್ನೇ ನೋಡುತ್ತಿದ್ದವಳು ಯಾಕೋ ಪಕ್ಕಕ್ಕೆ ತಿರುಗಿದರೆ, ಅವನು ನೋಡುತ್ತಿದ್ದುದು ಉರಿಯನ್ನಲ್ಲ.

"ಏನು?"

"ಮೂಗಿನ ಮೇಲೆ ಮಸಿ."

ಅವಳು ಒರೆಸಿಕೊಂಡಳು. ಕೈಯಲ್ಲೂ ಮಸಿಯಿತ್ತು. ಈಗ ಕೆನ್ನೆಗೂ ಆಯಿತು. ಅವನು ತುಟಿ ಕಚ್ಚಿಕೊಂಡು ಬತ್ತಿಯ ಕಡೆ ತಿರುಗಿದ. ಬತ್ತಿಯಲ್ಲಿ ನೋಡುವಂಥದ್ದೇನೂ ಉಳಿದಿರಲಿಲ್ಲ.

ಅವನು ಅಂದು ಜಗಲಿಯಲ್ಲೇ ಮಲಗಿದ. ಮರುದಿನ ಬೆಳಗಿನ ಇಂಜೆಕ್ಷನ್ನಿಗೆಂದು ಭಾಗ್ಯಮ್ಮ ಪೆಟ್ಟಿಗೆಯ ಬಾಗಿಲು ತೆಗೆದು ಮೇಲಿನ ತಗಡಿಗೆ ಬೆರಳಿಟ್ಟಳು. ಬೆರಳು ಅಂಟಿಕೊಂಡಿತು. "ಅಮ್ಮಾ!" ಎಂದು ಚೀರಿ ಬಿಡಿಸಿಕೊಂಡವಳು ಬೆಳ್ಳಗೆ ಕಟ್ಟಿದ್ದ ಐಸನ್ನು ಕಂಡು ಗಟ್ಟಿಯಾಗಿ ನಕ್ಕುಬಿಟ್ಟಳು. ಜಗಲಿಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದ ಸಂಜೀವಪ್ಪನ ಕೈ ಬಾಯಿಗೂ ತಟ್ಟೆಗೂ ನಡುವೆ ನಿಂತುಹೋಯಿತು.

ಚೀಲ ಹಿಂದಿರುಗಿಸುವಾಗ ಅವಳೆಂದಳು: "ಇನ್ನೊಂದು ಸಲ ಕೆಟ್ರೆ ನಾನೇ ಮಾಡ್ಕೋತೀನಿ. ಎಲ್ಲ ನೋಡ್ಕೊಂಡೆ."

"ಹಂಗಾದ್ರೆ ನಾನು ಕೆಟ್ಟೆ," ಎಂದ ಅವನು.

ಹೇಳಿದಂತೆಯೇ ಅವಳು ಕಲಿತಳು. ವಾರಕ್ಕೊಮ್ಮೆ ಬತ್ತಿ ಕತ್ತರಿಸುವಳು, ತಿಂಗಳಿಗೊಮ್ಮೆ ಕೊಳವೆಗೆ ಬ್ರಷ್ ಹಾಕುವಳು. ಐಸು ಬೆರಳು ದಪ್ಪ ಕಟ್ಟಿದರೆ ಉರಿ ಆರಿಸಿ ಕರಗಿಸಿ ಒಳಗೆಲ್ಲ ಅಡಿಗೆ ಸೋಡಾ ಬೆರೆಸಿದ ನೀರಲ್ಲಿ ಒರೆಸುವಳು. ಆದರೂ ಮೂರೇ ವಾರಕ್ಕೆ ಪೆಟ್ಟಿಗೆ ಮತ್ತೆ ಬೆಚ್ಚಗಾಯಿತು. ಉರಿ ನೀಲಿಯಾಗಿಯೇ ಇತ್ತು, ಕೊಳವೆಯೂ ಚೊಕ್ಕಟವಾಗಿತ್ತು. ಅವಳು ಕಂಗಾಲಾದಳು. ರಾಮಾಂಜಿನಪ್ಪ ಮಾತ್ರ ಗಾಬರಿಯಿಲ್ಲದೆ ಕಾಗದ ಬರೆದರು.

ಎರಡನೇ ಸಲ ಬಂದ ಸಂಜೀವಪ್ಪ ಒಂದು ಕಾಲು ಸರಿಪಡಿಸಿ, ನೆಲ ಕುಸಿದಿರಬೇಕು, ಪೆಟ್ಟಿಗೆ ಸೊಟ್ಟಗಾದ್ರೆ ತಂಪು ಕಟ್ಟೋದಿಲ್ಲ ಎಂದ. ಆಮೇಲೆ ರಾಮಾಂಜಿನಪ್ಪ ತೋಟ ತೋರಿಸುತ್ತೇನೆಂದು ಅವನನ್ನು ಕರೆದುಕೊಂಡು ಹೋದವರು ಮಧ್ಯಾಹ್ನದ ಊಟಕ್ಕೇ ಬಂದದ್ದು.

ಎಲೆಗೆ ಮುದ್ದೆ ಬಡಿಸುತ್ತ ಮುನಿತಾಯತ್ತೆ ಶುರುಮಾಡಿದಳು. "ಇಪ್ಪತ್ನಾಲ್ಕು ತುಂಬಿತಪ್ಪ ಇವಳಿಗೆ. ಎರಡು ಗಂಡು ಬಂದು ಹೋದವು. ಬ್ಯಾಡ ಅಂದ್ಲು."

"ಅತ್ತೆ, ಸಾಕು."

"ಯಾಕೆ ಬೇಡ ಅಂದ್ರಿ?" ಎಂದ ಸಂಜೀವಪ್ಪ ತಲೆಯೆತ್ತದೆ.

"ಅಪ್ಪನ ಕೈ ನಡುಗ್ತದೆ, ಅತ್ತೆಗೆ ಸೂಜಿ ಕಂಡ್ರೆ ತಲೆ ಸುತ್ತು. ನಾನು ಹೋದ್ರೆ ಬೆಳಿಗ್ಗೆ ಸಾಯಂಕಾಲ ಚುಚ್ಚೋರು ಯಾರು?"

ಅವನು ಏನೋ ಹೇಳಹೊರಟು ರಾಮಾಂಜಿನಪ್ಪನವರ ಮುಖ ನೋಡಿ ಮತ್ತೆ ಮುದ್ದೆಗೆ ಕೈ ಹಾಕಿದ. ಸ್ಟೇಷನ್ನಿನ ದಾರಿ ಹಿಡಿದವನು ತಿರುವಿನಲ್ಲಿ ನಿಂತು ತಿರುಗಿ ನೋಡಿದ. ಭಾಗ್ಯಮ್ಮ ಬಾಗಿಲಲ್ಲಿರಲಿಲ್ಲ. ಕಿಟಕಿಯಲ್ಲಿದ್ದಳು.

ಮೂರನೇ ಸಲ ಬಂದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ತಟ್ಟೆಯ ನೀರು ಒಂದೇ ಕಡೆಗೆ ವಾಲಿತ್ತು. ಸಂಜೀವಪ್ಪ ನೆಲಕ್ಕೆ ಕೆನ್ನೆಯಿಟ್ಟು, ಹಿಂದಿನ ಕಾಲಿನಡಿಗೆ ಕೈ ಹಾಕಿ, ಬಿದಿರಿನ ಚಕ್ಕೆಯೊಂದನ್ನು ಎಳೆದು ತೆಗೆದ. ಚಾಕುವಿನಲ್ಲಿ ನೀಟಾಗಿ ಸವರಿದ ಚಕ್ಕೆ. ತಾನಾಗಿ ಅಲ್ಲಿಗೆ ಹೋಗುವಂಥದ್ದಲ್ಲ.

ಅದನ್ನು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದ. ಕಣ್ಣಲ್ಲಿ ಸಂತೋಷ ತುಂಬಿ ಬಂದಿತ್ತು. "ಇಷ್ಟೆಲ್ಲ ಯಾಕೆ? ಬಾ ಅಂತ ಒಂದು ಗೆರೆ ಬರೆದಿದ್ರೆ ನಡ್ಕೊಂಡೇ ಬಂದ್ಬಿಡ್ತಿದ್ದೆ."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು.

"ನಾನಾ? ನಿಮ್ಮನ್ನ ಕರೆಸ್ಕೊಳ್ಳೋಕೆ ನಮ್ಮಪ್ಪನ ಔಷಧಿ ಕೆಡಿಸ್ತೀನಾ ನಾನು?"

"ಅಲ್ಲ, ನಾನು..."

"ಇಂಥೋಳು ಅಂದ್ಕೊಂಡ್ರಾ ನನ್ನ? ಎದ್ದು ಹೋಗಿ. ಇನ್ನು ಈ ಮನೆಗೆ ಬರ್ಬೇಡಿ."

ಅವನು ಚಕ್ಕೆಯನ್ನು ಕೆಳಗಿಟ್ಟ. ಪೆಟ್ಟಿಗೆಯ ಕಾಲು ಸರಿಮಾಡಿದ, ಉರಿ ನೋಡಿದ, ಚೀಲ ಕಟ್ಟಿದ. "ತಪ್ಪಾಯ್ತು. ಆಸೆಪಟ್ಟೆ, ಅದಕ್ಕೆ ಹಂಗೆ ಕಾಣಿಸ್ತು," ಎಂದಷ್ಟೇ ಹೇಳಿ ಬಿಸಿಲಿಗೆ ಇಳಿದ.

ಆ ಮಾತು ಅವಳನ್ನು ಬಿಡಲಿಲ್ಲ. ಬತ್ತಿ ಕತ್ತರಿಸುವಾಗಲೂ, ಸಿರಿಂಜು ಕುದಿಸುವಾಗಲೂ ಪಕ್ಕದಲ್ಲೇ ನಿಂತು ಯಾರೋ ಹೇಳಿದಂತಾಗುತ್ತಿತ್ತು.

ಹತ್ತು ದಿನ ಕಳೆದ ಮೇಲೆ ಒಂದು ಭಾನುವಾರ ಬಟ್ಟೆ ಒಗೆಯಲು ಹೋಗಿದ್ದವಳು ಸೋಪು ಮರೆತು ಹಿಂದಿರುಗಿದಳು. ಪಡಸಾಲೆಯಲ್ಲಿ ಕಂಡದ್ದನ್ನು ಅವಳ ಕಣ್ಣೇ ನಂಬಲಿಲ್ಲ. ಇನ್ಸುಲಿನ್ ಶೀಶೆಗಳೆಲ್ಲ ಮರಳಿನ ಮಡಕೆ ಸೇರಿದ್ದವು. ಅಪ್ಪ ಮಂಡಿಯೂರಿ, ಒಂದು ಕೈಯಲ್ಲಿ ಪೆಟ್ಟಿಗೆಯ ಮೂಲೆ ಮೀಟಿ, ಇನ್ನೊಂದು ಕೈಯಲ್ಲಿ ಬಿದಿರಿನ ಚಕ್ಕೆ ತೂರಿಸುತ್ತಿದ್ದರು.

"ಅಪ್ಪಾ!"

ರಾಮಾಂಜಿನಪ್ಪ ಬೆಚ್ಚಿ ಕುಳಿತುಬಿಟ್ಟರು. ಕದ್ದು ಸಿಕ್ಕಿಬಿದ್ದ ಮಗುವಿನ ಹಾಗಿತ್ತು ಅವರ ಮುಖ.

"ನೀವಾ ಇದು? ಮೂರು ಸಲ ನನ್ನ ಜೀವ ಬಾಯಿಗೆ ಬಂದಿತ್ತಲ್ಲಪ್ಪ!"

"ಮೊದಲನೇ ಸಲ ನಿಜವಾಗ್ಲೂ ಕೆಟ್ಟಿತ್ತು ಕಣವ್ವ," ಎಂದರು ಅವರು. "ಅವತ್ತು ಬೆಳಿಗ್ಗೆ ನೀನು ನಕ್ಕೆ ನೋಡು, ಆ ನಗು ಈ ಮನೇಲಿ ಕೇಳಿ ಎಷ್ಟು ವರ್ಷ ಆಗಿತ್ತು ಅಂತೀಯ? ಅದಕ್ಕೇ ಅವನನ್ನ ಇನ್ನೊಂದು ಸಲ ಕರೆಸ್ದೆ. ಔಷಧಿ ಮಾತ್ರ ಮೊದಲೇ ಮರಳಿಗೆ ಹಾಕಿ, ಪೆಟ್ಟಿಗೆ ಬೆಚ್ಚಗಾಯ್ತು, ಅದಕ್ಕೆ ತೆಗೆದಿಟ್ಟೆ ಅಂತ ನಿಂಗೆ ಹೇಳ್ತಿದ್ದೆ. ನಂಗೂ ಬದುಕೋ ಆಸೆ ಇದೆ."

"ನಾನು ಹೋದ್ರೆ ನಿಮಗ್ಯಾರು ಚುಚ್ತಾರೆ?"

ಅವರು ಮೆಲ್ಲಗೆ ಎದ್ದರು. ಬೆಳಗಿನ ಇಂಜೆಕ್ಷನ್ನಿಗೆಂದು ಕುದಿಸಿಟ್ಟಿದ್ದ ಸಿರಿಂಜು ತೆಗೆದು, ಶೀಶೆಯಿಂದ ಗೆರೆಗೆ ಸರಿಯಾಗಿ ಔಷಧಿ ಎಳೆದರು. ಕೈ ನಡುಗುತ್ತಿತ್ತು. ಮೊಣಕೈಯನ್ನು ಗೋಡೆಗೆ ಆನಿಸಿದರು. ನಡುಕ ನಿಂತಿತು. ತೊಡೆ ಒರೆಸಿ, ಚರ್ಮ ಚಿವುಟಿ ಹಿಡಿದು, ತಾವೇ ಚುಚ್ಚಿಕೊಂಡರು.

ಭಾಗ್ಯಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು.

"ಯಾರು ಕಲಿಸಿದ್ದು?"

"ಸಂಜೀವಪ್ಪ. ಯುದ್ಧದಲ್ಲಿ ಮಿಲಿಟರಿ ಆಸ್ಪತ್ರೇಲಿ ಇಂಥ ಪೆಟ್ಟಿಗೆ ನೋಡ್ಕೋತಿದ್ನಂತೆ, ಅಲ್ಲಿ ಕಂಡಿದ್ದ. ಅವತ್ತು ತೋಟದಲ್ಲಿ ಚಕ್ಕೋತದ ಹಣ್ಣಿಗೆ ಚುಚ್ಚಿಸಿ ಚುಚ್ಚಿಸಿ ಕಲಿಸ್ದ. ನಿಂಗೆ ಹೇಳ್ಬ್ಯಾಡ ಅಂತ ಮಾತು ತಗೊಂಡಿದ್ದೆ ನಾನು. ಚಕ್ಕೆ ವಿಷಯ ಮಾತ್ರ ಅವನಿಗೂ ಗೊತ್ತಿಲ್ಲ."

ಆರು ವರ್ಷ ತನ್ನ ಬೆಳಗು ಬೈಗನ್ನೆಲ್ಲ ತುಂಬಿದ್ದ ಕೆಲಸ ಕಣ್ಣೆದುರೇ ಅರ್ಧ ನಿಮಿಷದಲ್ಲಿ ಮುಗಿದುಹೋಗಿತ್ತು. ಅವಳಿಗೆ ಸಿಟ್ಟು ಬಂತು. ಅದರ ಹಿಂದೆಯೇ ಅಳು ಬಂತು.

"ಹಂಗಾದ್ರೆ ನಾನು ಬ್ಯಾಡವಾದ್ನಾ ನಿಮಗೆ?"

"ಸೂಜಿಗೆ ಬೇಡವಾದೆ ಕಣವ್ವ," ಎಂದು ರಾಮಾಂಜಿನಪ್ಪ ಅವಳ ತಲೆ ಸವರಿದರು. "ನನಗೆ ಬೇಡವಾಗೋದುಂಟಾ? ಏನೋ ಕಂಡವಳ ಹಾಗೆ ಕಿಟಕೀಲಿ ನಿಂತಿದ್ದೆ ನೋಡು ಅವತ್ತು, ಅಲ್ಲಿಂದ ಒಂದು ಹೆಜ್ಜೆ ಈಚೆಗೆ ಬಾ ಅಂತ ಅಷ್ಟೆ."

ಮಾರನೆಯ ಬೆಳಿಗ್ಗೆ ಭಾಗ್ಯಮ್ಮ ಗಂಧದ ಬಣ್ಣದ ಸೀರೆಯುಟ್ಟು ನಿಂತಾಗ ಈ ಸಲ ದಂಗಾದದ್ದು ಮುನಿತಾಯತ್ತೆ. "ಗಂಡಿನ ಅಂಗಡಿಗೆ ಹೆಣ್ಣೇ ಹೋಗೋದಾ? ಎಲ್ಲಾದ್ರೂ ಉಂಟೇನೆ?" ಎನ್ನುತ್ತಲೇ ಆಕೆಯೂ ಸೆರಗು ಹೊದ್ದು ರೈಲು ಹತ್ತಿದಳು.

ದಂಡಿನ ಬೀದಿಯ ಆ ಅಂಗಡಿಯಲ್ಲಿ ಸಂಜೀವಪ್ಪ ಯಾರದೋ ಪೆಟ್ಟಿಗೆಯ ಬರ್ನರ್ ಬಿಚ್ಚುತ್ತಿದ್ದ. ತಲೆಯೆತ್ತಿದವನ ಕೈಯಿಂದ ಸ್ಪ್ಯಾನರು ಠಣ್ಣೆಂದು ಬಿತ್ತು.

"ಏನಾಯ್ತು? ಅಪ್ಪಾಜಿಗೆ ಏನಾದ್ರೂ..."

"ಅಪ್ಪ ಚೆನ್ನಾಗಿದಾರೆ."

"ಐಸ್ ಪೆಟ್ಟಿಗೆ?"

"ಅದೂ ಚೆನ್ನಾಗಿದೆ."

"ಮತ್ತೆ?"

"ನಾನೇ ಚೆನ್ನಾಗಿಲ್ಲ," ಎಂದಳು ಭಾಗ್ಯಮ್ಮ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು. "ಚಕ್ಕೆ ಇಟ್ಟೋರು ಅಪ್ಪ. ನಿಮ್ಮನ್ನ ಸುಮ್ಮಸುಮ್ಮನೆ ಬೈದೆ. ಆದ್ರೆ ಒಂದು ಸುಳ್ಳಲ್ಲ. ಪೆಟ್ಟಿಗೆ ಕೆಟ್ಟಾಗೆಲ್ಲ ಹೆದರಿಕೆ ಆಗ್ತಿತ್ತು. ನೀವು ಬರ್ತೀರಿ ಅಂತ ಖುಷೀನೂ ಆಗ್ತಿತ್ತು. ಆ ಖುಷಿಗೇ ನಾಚ್ಕೊಂಡು ಸಿಟ್ಟು ಮಾಡ್ದೆ."

ಸಂಜೀವಪ್ಪ ಎಣ್ಣೆ ಕೈಯನ್ನು ಅಂಗಿಗೇ ಒರೆಸಿಕೊಂಡ. ಆಮೇಲೆ ತೀರ ತಗ್ಗಿದ ದನಿಯಲ್ಲಿ, "ಅವತ್ತಿಂದ ಸರಿಯಾಗಿ ಒಂದು ಬತ್ತಿ ಕತ್ತರಿಸೋಕೆ ಆಗಿಲ್ಲ ನನ್ನ ಕೈಲಿ. ಯಜಮಾನರು ಬೈದು ಬೈದು ಸುಸ್ತಾಗಿದಾರೆ," ಎಂದ.

ಅವಳು ಮೊದಲ ಸಲ ಅವನನ್ನು ನೇರ ನೋಡಿದಳು. ಅವನೂ ಕಣ್ಣು ತಪ್ಪಿಸಲಿಲ್ಲ.

ಬೆಂಚಿನ ಮೇಲೆ ಕುಳಿತು ಕಾಲು ನೀವಿಕೊಳ್ಳುತ್ತಿದ್ದ ಮುನಿತಾಯತ್ತೆ ಕೆಮ್ಮಿದಳು.

"ಏನಪ್ಪಾ, ನಿಮ್ಮಮ್ಮ ಎಲ್ಲಿರೋದು?"

"ಹೊಸಕೋಟೇಲಿ, ಅಮ್ಮ."

"ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ?"

"ಹನ್ನೊಂದೂವರೆಗೆ."

"ಕೈ ತೊಳ್ಕೊ, ನಡಿ ಮತ್ತೆ," ಎಂದು ಮುನಿತಾಯತ್ತೆ ಎದ್ದಳು. "ಇಷ್ಟು ದೂರ ಬಂದು ಬೀಗಿತ್ತಿ ಮುಖ ನೋಡದೆ ಹೋಗ್ತೀನಾ ನಾನು?"