ಅಮ್ಮನ ಫೋಲ್ಡರ್

"ಅಮ್ಮನ ಫೋಲ್ಡರ್ ಖಾಲಿ ಇದೆ ಮೇಡಂ."

ಬಾಗಿಲಲ್ಲಿ ನಿಂತವನ ಮುಖ ನೋಡಿಯೇ ಸರ್ವರ್ ನೋಡಿಕೊಳ್ಳುವವಳು ಕೈಯಲ್ಲಿದ್ದ ಕೆಲಸ ಬಿಟ್ಟಳು.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ರೆಕಾರ್ಡ್ ಮಾಡುವ ಆಫೀಸು ಅದು. ಅವನು ಅಲ್ಲಿ ಸೌಂಡ್ ಎಡಿಟರ್. ಕುತ್ತಿಗೆಯಿಂದ ಹೆಡ್‌ಫೋನ್ ಇಳಿಸಿದ್ದನ್ನು ಕಂಡವರಿಲ್ಲ, ಹಾಗಾಗಿ ಎಲ್ಲರ ಬಾಯಲ್ಲೂ ಅವನು ಹೆಡ್‌ಫೋನೇ. ಅವನ ತಾಯಿ ಇಲ್ಲೇ ಓದುತ್ತಿದ್ದವರು. ಕೊನೆಯ ಪುಸ್ತಕ ಓದಿ ಮುಗಿಸಿ ತೀರಿಕೊಂಡರು. ಅದನ್ನು ಅವನು ಇನ್ನೂ ಎಡಿಟ್ ಮಾಡುತ್ತಲೇ ಇದ್ದ. ಮುಗಿಸಲು ಮನಸ್ಸಿಲ್ಲವೆಂದು ಆಫೀಸಿಗೆಲ್ಲ ಗೊತ್ತಿತ್ತು, ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

"ಬೆಳಗ್ಗೆ ಸರ್ವರ್ ಆಫ್ ಮಾಡಿ ಆನ್ ಮಾಡಿದ್ದು ನೀವೇ ಅಲ್ವಾ?"

"ಹೌದು."

"ಮುಗಿದ ಪುಸ್ತಕಕ್ಕೆ ಮಾತ್ರ ಬ್ಯಾಕಪ್ ಇರೋದು. ಇದು ಮುಗಿದಿರ್ಲಿಲ್ಲ."

ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು. ದಿನಾ ಇದೇ ಬಾಗಿಲಲ್ಲಿ ನಿಂತು "ಮಷೀನುಗಳಿಗೆ ಎಸಿ, ನಮಗೆ ಬರೀ ಫ್ಯಾನು" ಎಂದು ಕಾಲೆಳೆದು, ಓರೆಗಣ್ಣಲ್ಲಿ ಅವಳ ನಗೆ ನೋಡಿಕೊಂಡು ಹೋಗುವವನು ಇವತ್ತು ಅವಳತ್ತ ಕಣ್ಣೆತ್ತಲೇ ಇಲ್ಲ.

ಅವಳು ಕೀಬೋರ್ಡ್ ಎಳೆದುಕೊಂಡಳು. ಪರದೆಯ ಸಾಲುಗಳನ್ನು ಓದುತ್ತ ಹೋದಂತೆ ಹೋದ ಜೀವ ಬಂದಂತಾಯಿತು.

"ಅಳಿಸಿಲ್ಲ, ಮುಚ್ಚಿಹೋಗಿದೆ. ಎಲ್ಲಾ ಪುಸ್ತಕ ಇರೋ ಡಿಸ್ಕ್ ಒಂದು ಕಪಾಟು ಅಂದ್ಕೊಳ್ಳಿ. ಅಮ್ಮನ ದನಿ ಬೇರೆ ಡಿಸ್ಕಲ್ಲಿದೆ, ಕಪಾಟಿನ ಒಳಗಿಡೋ ಡಬ್ಬಿ ಥರ. ಆನ್ ಮಾಡಿದಾಗ ಡಬ್ಬಿ ಮೊದಲು ಬಂದು ಕೂತಿದೆ. ಆಮೇಲೆ ಬಂದ ಕಪಾಟು ಅದರ ಮೇಲೇ ಕೂತುಬಿಟ್ಟಿದೆ."

"ಬೇರೆ ಡಿಸ್ಕ್? ಅಮ್ಮಂದು ಮಾತ್ರ ಯಾಕೆ?"

ಅವಳ ಬೆರಳುಗಳು ನಿಂತವು.

"ನಾನೇ ಹಾಕಿದ್ದು. ಹಳೇ ಡಿಸ್ಕ್ ಮೇಲೆ ನನಗೆ ನಂಬಿಕೆ ಇರ್ಲಿಲ್ಲ. ಹೊಸದು ಬಂದ ದಿನವೇ ಸಾಗಿಸಿದೆ. ಯಾವುದು ಮೊದಲು ಬರಬೇಕು ಅಂತ ಸರ್ವರ್‌ಗೆ ಹೇಳಿಡೋದನ್ನ ಮರೆತೆ."

"ಯಾರು ಹೇಳಿದ್ರು ಸಾಗಿಸೋಕೆ?"

"ಯಾರೂ ಇಲ್ಲ. ಆ ದನಿ ಹೋದ್ರೆ ನೀವೇನಾಗ್ತೀರೋ ಅಂತ ಭಯ ಆಯ್ತು." ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನೀವಂದ್ರೆ ನನಗೆ ಇಷ್ಟ. ಇವತ್ತಿನದಲ್ಲ ಅದು."

ಅವಳು ಎರಡೂ ಡಿಸ್ಕ್‌ಗಳನ್ನು ಬಿಡಿಸಿ, ಕಪಾಟನ್ನು ಮೊದಲು, ಅದರೊಳಗಿನ ಡಬ್ಬಿಯನ್ನು ಆಮೇಲೆ ಕೂರಿಸಿದಳು. ಇನ್ನು ಯಾವಾಗಲೂ ಇದೇ ಕ್ರಮವೆಂದು ಬರೆದಿಟ್ಟಳು. ಫೋಲ್ಡರ್ ತುಂಬಿಕೊಂಡಿತು.

ಅವನು ಒಳಬಂದು, ಅವಳು ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂತು, ಹೆಡ್‌ಫೋನ್ ಸಿಕ್ಕಿಸಿ ಕೇಳಿದ. ಕಣ್ಣೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ಹೆಡ್‌ಫೋನ್ ತೆಗೆದು ತಾನೇ ಅವಳ ಕಿವಿಗೆ ಇಟ್ಟ.

"ಅಯ್ಯೋ, ಮತ್ತೆ ತಪ್ಪಿದೆ," ಹೆಂಗಸೊಬ್ಬರು ನಗುತ್ತಿದ್ದರು. "ಇದನ್ನ ಕತ್ತರಿಸಿಬಿಡೋ, ಮಗನೇ."

ಅವಳು ಹೆಡ್‌ಫೋನ್ ಇಳಿಸಿದಳು. ಈಗ ಅವನು ನೇರವಾಗಿ ಅವಳನ್ನೇ ನೋಡುತ್ತಿದ್ದ.

"ಒಬ್ಬನೇ ಕೂತು ಕತ್ತರಿಸೋಕೆ ಕೈ ಬರ್ಲಿಲ್ಲ," ಅವನೆಂದ. "ಪಕ್ಕದಲ್ಲಿ ನೀವಿದ್ರೆ ಈ ಪುಸ್ತಕ ಮುಗಿಸ್ತೀನಿ."

ಅವಳು ಇನ್ನೊಂದು ಕುರ್ಚಿ ಎಳೆದು ಅವನ ಪಕ್ಕಕ್ಕೆ ಹಾಕಿಕೊಂಡಳು.