ಕತ್ತಲಲ್ಲಿ ತಂದ ನೀರು

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಠಾಣೆಗೆ ಬಂದ ಯುವಕನ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಹೆಂಗಸರ ಒಂದೇ ಒಂದು ಚಪ್ಪಲಿ. ಅದನ್ನು ಮೇಜಿನ ಮೇಲಿಟ್ಟು, "ಇನ್ನೊಂದು ಆ ಮನೇಲೇ ಉಳೀತು ಸಾರ್," ಎಂದ.

ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರೂ ಅವನು ಕೂರಲಿಲ್ಲ. ಹಿಂದಿನ ದಿನ ಸಂಜೆ ಏಳರ ಸುಮಾರಿಗೆ ತಾಯಿಯ ಜೊತೆ ಮಾರಾಟಕ್ಕಿದ್ದ ಮನೆಯೊಂದನ್ನು ನೋಡಲು ಹೋಗಿದ್ದ. ಮಹಡಿಯಿಂದ ಇಳಿಯುವಾಗ ಇಡೀ ಮನೆಯ ದೀಪ ಒಮ್ಮೆಗೇ ಆರಿತು. ತಾಯಿ ಮೆಟ್ಟಿಲಿನಿಂದ ಉರುಳಿದರು. ಮೊದಲು ಮಾತಾಡುತ್ತಿದ್ದವರು ಆಸ್ಪತ್ರೆಗೆ ಹೋದ ಮೇಲೆ ಪ್ರಜ್ಞೆ ತಪ್ಪಿದ್ದರು.

"ಬ್ರೋಕರ್ ಬೇಕಂತಲೇ ಕರೆಂಟ್ ತೆಗೆಸಿದ್ದಾನೆ ಸಾರ್. ಮೇಲ್ಗಡೆ ಗೋಡೇಲಿ ಬಿರುಕಿದೆಯಲ್ಲ ಅಂತ ಅಮ್ಮ ಆಗಷ್ಟೇ ಕೇಳಿದ್ರು."

"ಮೊಬೈಲ್ ಬೆಳಕು ಹಾಕ್ಲಿಲ್ವಾ?"

"ಒಳಗೆ ಹೋಗೋವಾಗ್ಲೇ ಎಲ್ಲರ ಫೋನೂ ಒಂದು ಬುಟ್ಟೀಲಿ ಇಡಿಸ್ಕೊಂಡ್ರು. ಫೋಟೋ ತೆಗೀಬಾರದಂತೆ. ನಿಂತಲ್ಲೇ ಗೋಡೆ ಹಿಡ್ಕೊಂಡು ನಿಂತ್ವಿ. ಆ ಮನೇಲಿ ಮನುಷ್ಯ ಅನ್ನೋರು ಒಬ್ಬರೇ ಸಾರ್, ಮನೆ ಮಾರ್ತಿರೋ ಟೀಚರಮ್ಮನ ತಮ್ಮ. ದೀಪ ಬರೋಕೆ ಮುಂಚೇನೇ ನೀರು ತಂದು ಅಮ್ಮನಿಗೆ ಕುಡಿಸಿದ್ರು. ಅವರ ಹೊಟ್ಟೆ ತಣ್ಣಗಿರಲಿ."

ದೂರು ದಾಖಲಾಗಿ ಎಫ್‌ಐಆರ್ ಆಯಿತು. ಇನ್‌ಸ್ಪೆಕ್ಟರ್ ಜೀಪು ಹತ್ತಿದರು. ಜೊತೆಗೆ ಕಾನ್‌ಸ್ಟೇಬಲ್ ಉದ್ದಣ್ಣ. ಯಾವ ಬಾಗಿಲು ದಾಟಿದರೂ ತಲೆ ತಗ್ಗಿಸಬೇಕಾದ ಅವನನ್ನು ಠಾಣೆಯಲ್ಲಿ ಯಾರೂ ಬೇರೆ ಹೆಸರಿನಿಂದ ಕರೆದಿರಲಿಲ್ಲ.

ಮನೆ ಮದುಮಗಳಂತೆ ನಿಂತಿತ್ತು. ತೆಳು ಹಳದಿಯ ಹೊಸ ಬಣ್ಣ, ಬಾಡಿಗೆಗೆ ತಂದ ಸೋಫಾ, ಗಾಜಿನ ಬಟ್ಟಲಿನಲ್ಲಿ ಯಾರೂ ಮುಟ್ಟಬಾರದ ನಿಂಬೆಹಣ್ಣುಗಳು. ಹಾಸಿಗೆಯ ಮೇಲೆ ಒಂದು ಸುಕ್ಕಿಲ್ಲ.

"ಇಲ್ಲಿ ಕೂತ್ರೆ ಪಾಪ ಬರುತ್ತೆ ಸಾರ್," ಎಂದು ಉದ್ದಣ್ಣ ನಿಂತೇ ಇದ್ದ.

ಮನೆಯನ್ನು ಹಾಗೆ ಸಿಂಗರಿಸಿದಾಕೆಗೆ ಅದೇ ಕಸುಬು. ಕೊಳ್ಳುವವರು ಬರುವ ಮುಂಚೆ ಬಂದು, ಹಳೆಯ ಸಾಮಾನನ್ನೆಲ್ಲ ಅಟ್ಟಕ್ಕೆ ಸೇರಿಸಿ, ಒಲೆಯ ಮೇಲೆ ಚಕ್ಕೆ ಹಾಕಿದ ನೀರು ಕುದಿಸಿ, ಮನೆ ತುಂಬ ಘಮ ಹರಡಿಸಿ ನಿಲ್ಲುವಳು. ಬ್ರೋಕರ್ ಬೆವರೊರೆಸಿಕೊಳ್ಳುತ್ತಿದ್ದ.

"ಮನೆ ಹೋದ್ರೆ ನನಗೆ ಕಮಿಷನ್ ಸಾರ್. ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕ್ಕೊಳ್ತೀನಾ?"

ಮೂಲೆ ಅಂಗಡಿಯವನನ್ನೂ ಎದುರುಮನೆಯ ದರ್ಜಿಯನ್ನೂ ಪಂಚರಾಗಿ ಕರೆಸಿ ಪಂಚನಾಮೆ ಶುರುವಾಯಿತು. ಮೀಟರ್ ಪೆಟ್ಟಿಗೆ ಮೆಟ್ಟಿಲ ಕೆಳಗಿತ್ತು. ಫ್ಯೂಸ್ ಸುಟ್ಟಿರಲಿಲ್ಲ. ಯಾರೋ ಕಿತ್ತು, ಪೆಟ್ಟಿಗೆಯ ಮೇಲೆಯೇ ಜೋಪಾನವಾಗಿ ಇಟ್ಟಿದ್ದರು. ಟೀಚರಮ್ಮ ಕೊನೆಗೆ ಮೇಣದಬತ್ತಿ ಹಚ್ಚಿಕೊಂಡು ಬಂದು ಅದನ್ನು ಕಂಡು ಮತ್ತೆ ಸಿಕ್ಕಿಸಿದ್ದರು.

"ಇದೇ ಮೊದಲೇನಲ್ಲ," ಎಂದಳು ಸಿಂಗರಿಸುವಾಕೆ. "ಮೊದಲನೇ ಪಾರ್ಟಿ ಬಂದಾಗ ಹಾಲ್ ತುಂಬ ಸೀಮೆಎಣ್ಣೆ ವಾಸನೆ. ಆಮೇಲೆ ಬಂದವರಿಗೆ ಬಚ್ಚಲ ನಲ್ಲಿ ಬಿಟ್ಟು ರೂಮೆಲ್ಲ ನೀರು. ಇದರ ಮೇಲೆ ಈ ಗೆರೆ ಬೇರೆ. ಎಷ್ಟು ಒರೆಸಿದ್ರೂ ಬೆಳಗಾದ್ರೆ ಮತ್ತೆ ಹಾಜರ್."

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಹೊಸ ಬಣ್ಣದ ಮೇಲೆ ಸೊಂಟದ ಎತ್ತರಕ್ಕೆ ಒಂದು ಮಸುಕು ಗೆರೆ. ಬೆರಳುಗಳು ಸವರಿಕೊಂಡು ಹೋದದ್ದು. ಅದು ಮೆಟ್ಟಿಲ ಪಕ್ಕದ ಕೋಣೆಯಿಂದ ಹೊರಟು, ಮೀಟರ್ ಪೆಟ್ಟಿಗೆಯ ಮುಂದೆ ಹಾದು, ಅಡುಗೆಮನೆಯ ನೀರಿನ ಹೂಜಿಯ ಬಳಿ ಮುಗಿದಿತ್ತು.

"ಆ ಕೋಣೆ ಯಾರದು?"

"ನನ್ನ ತಮ್ಮಂದು," ಎಂದರು ಟೀಚರಮ್ಮ. "ಪ್ರೆಸ್ಸಲ್ಲಿ ಕರಡು ತಿದ್ತಿದ್ದ. ಮಾಲೀಕನ ಹತ್ರ ಜಗಳ ಆಡಿ ಬಿಟ್ಟುಬಿಟ್ಟ. ಬೆಳಗಿಂದ ಪೇಪರ್ ಹಿಡ್ಕೊಂಡು ಕೂತಿರ್ತಾನೆ. ಅವನ ಪಾಡಿಗೆ ಅವನು."

"ಮನೆ ಯಾಕಮ್ಮ ಮಾರ್ತಿದ್ದೀರಿ?"

"ಅಪ್ಪ ಕಟ್ಟಿಸಿದ್ದು. ಅಣ್ಣಂದಿರಿಬ್ಬರೂ ಪಾಲು ಕೇಳ್ತಿದ್ದಾರೆ. ಕೇಳೋದು ತಪ್ಪೂ ಅಲ್ಲ. ನಾನೊಬ್ಬಳು ಎಷ್ಟು ದಿನ ಅಡ್ಡ ನಿಲ್ಲಲಿ?"

ಇನ್‌ಸ್ಪೆಕ್ಟರ್ ಗೆರೆಯನ್ನೇ ನೋಡುತ್ತ ನಿಂತರು. ಫೋನಿಲ್ಲದೆ, ಟಾರ್ಚಿಲ್ಲದೆ, ಉಳಿದವರೆಲ್ಲ ಗೋಡೆಗೆ ಅಂಟಿಕೊಂಡಿದ್ದ ಹೊತ್ತಿನಲ್ಲಿ ಒಬ್ಬ ಮಾತ್ರ ಅಡುಗೆಮನೆಗೆ ಹೋಗಿ, ಲೋಟಕ್ಕೆ ನೀರು ಬಗ್ಗಿಸಿ, ಒಂದು ಹನಿ ಚೆಲ್ಲದೆ ತಂದಿದ್ದ. ದೂರು ಕೊಟ್ಟವನು ಬೆಳಗ್ಗೆ ಅವನನ್ನು ಹರಸಿದ ಮಾತು ಈಗ ಎದೆಯಲ್ಲಿ ಮುಳ್ಳಿನಂತೆ ಆಡಿತು. ಅಕ್ಕನನ್ನು ಹೊರಗೇ ಇರಲು ಹೇಳಿ, ಕೋಣೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿದರು.

ಕಿಟಕಿಯ ಪಕ್ಕ ಕೂತಿದ್ದವನು ಪತ್ರಿಕೆ ಮಡಚಿದ. ಸದ್ದು ಬಂದ ಕಡೆಗೆ ಸರಿಯಾಗಿಯೇ ಮುಖ ತಿರುಗಿಸಿದ.

"ಕೂತ್ಕೊಳ್ಳಿ. ಕುರ್ಚಿ ಬಲಗಡೆ ಇರಬೇಕು. ಮನೆ ಸಿಂಗರಿಸೋ ಹೆಂಗಸು ಮತ್ತೆ ಸರಿಸದಿದ್ರೆ."

ಕುರ್ಚಿ ಎಡಗಡೆ ಇತ್ತು. ಇನ್‌ಸ್ಪೆಕ್ಟರ್ ಸದ್ದಾಗದಂತೆ ಅದರ ಮೇಲೆ ಕೂತರು.

"ನಿನ್ನೆ ಅಷ್ಟು ಕತ್ತಲಲ್ಲಿ ನೀರು ಹೇಗೆ ತಂದಿರಿ?"

ಅವನು ಪತ್ರಿಕೆಯ ಅಂಚನ್ನು ಉಗುರಿನಿಂದ ತೀಡುತ್ತ ಇದ್ದ.

"ಬಿದ್ದ ಆಯಮ್ಮ ನರಳಿದ್ದು ಕೇಳಿಸ್ತು. ಓಡಿದೆ. ಕತ್ತಲಾಗಿದೆ ಅನ್ನೋದು ನೆನಪಿಗೇ ಬರಲಿಲ್ಲ ಸಾರ್. ಕತ್ತಲು ಮಾಡಿದವನು ನಾನೇ. ಆದರೂ ಬರಲಿಲ್ಲ."

"ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ ಆಯ್ತು. ಮೊದಲು ಅಕ್ಷರ ಹೋಯ್ತು. ಅದಕ್ಕೇ ಪ್ರೆಸ್ ಬಿಟ್ಟೆ, ಜಗಳ ಅಂತ ಅಕ್ಕನಿಗೆ ಕತೆ ಕಟ್ಟಿದೆ. ಆಮೇಲೆ ಮುಖ ಹೋಯ್ತು. ಈಗ ಕಿಟಕಿ ಯಾವ ಕಡೆ ಅನ್ನೋದಷ್ಟೇ ತಿಳಿಯುತ್ತೆ. ಡಾಕ್ಟರು ಕೈಚೆಲ್ಲಿದ್ದಾರೆ."

"ಅಕ್ಕನಿಗೆ ಹೇಳಬಹುದಿತ್ತಲ್ಲ."

"ಹೇಳಿದ್ರೆ ಅವಳು ಮಾರ್ತಿರಲಿಲ್ಲ. ಅಣ್ಣಂದಿರು ಅವಳನ್ನ ಹರಿದು ತಿಂತಿದ್ರು. ಯಾರೂ ಕೊಳ್ಳದೇ ಹೋದ್ರೆ ಅದು ಯಾರ ತಪ್ಪೂ ಅಲ್ಲ, ಅಲ್ವಾ?" ಅವನು ಅಂಗೈಯನ್ನು ಗೋಡೆಗಿಟ್ಟ. "ಈ ಮನೆ ನನ್ನ ಕೈಗೆ ಬಾಯಿಪಾಠ ಸಾರ್. ಪದ್ಯದ ಹಾಗೆ. ಎಲ್ಲಿ ತಿರುಗಬೇಕು, ಎಲ್ಲಿ ಉಸಿರು ತಗೋಬೇಕು, ಎಲ್ಲ ತಾನಾಗೇ ಬರುತ್ತೆ. ಆ ಹೆಂಗಸು ಮಂಚ ಸರಿಸಿದ ದಿನ ಎರಡು ಸಲ ಬಿದ್ದೆ. ಜಾರಿದೆ ಅಂದೆ. ಇನ್ನೊಂದು ಮನೇನ ಹೊಸದಾಗಿ ಕಲೀಬೇಕು ಅಂದ್ರೆ ಅದನ್ನ ಒಂದ್ಸಲನಾದ್ರೂ ನೋಡಿರಬೇಕಲ್ಲ?"

ಇನ್‌ಸ್ಪೆಕ್ಟರ್ ಫ್ಯೂಸಿನ ಮಾತು ತೆಗೆದರು.

"ಅವರೆಲ್ಲ ಮಹಡೀಲೇ ಇದ್ದಾರೆ ಅಂದ್ಕೊಂಡೆ. ದೀಪ ಹೋದ್ರೆ ಕರೆಂಟ್ ಸರಿಯಿಲ್ಲದ ಮನೆ ಅಂತ ಬೈಕೊಂಡು ಹೋಗ್ತಾರೆ ಅಂತ. ಅವರು ಇಳೀತಿದ್ದದ್ದು ಗೊತ್ತಾಗಲಿಲ್ಲ. ಹೊಸ ಕಾರ್ಪೆಟ್ ಹಾಸಿದ್ರಲ್ಲ ಮೆಟ್ಟಿಲಿಗೆ, ಹೆಜ್ಜೆ ಸದ್ದೇ ಬರಲಿಲ್ಲ." ಸ್ವಲ್ಪ ತಡೆದು ಕೇಳಿದ, "ಆಯಮ್ಮ ಹೇಗಿದ್ದಾರೆ?"

"ಆಸ್ಪತ್ರೇಲಿದ್ದಾರೆ," ಎಂದು ಇನ್‌ಸ್ಪೆಕ್ಟರ್ ಎದ್ದರು.

ಹಿತ್ತಿಲಿಗೆ ಬಂದು ನಿಂತಾಗ ಅವರ ಮನಸ್ಸು ಒಂದು ದಾರಿ ಹುಡುಕುತ್ತಿತ್ತು. ದೂರು ಕೊಟ್ಟ ಯುವಕ ಒಳ್ಳೆಯವನಂತೆ ಕಂಡಿದ್ದ. ಫ್ಯೂಸ್ ಕಿತ್ತದ್ದೂ ನೀರು ಕುಡಿಸಿದ ಕೈಯೇ ಎಂದು ತಿಳಿದರೆ, ತಾಯಿ ಎದ್ದು ಕೂತರೆ, ಎರಡೂ ಕಡೆಯವರನ್ನು ಕೂರಿಸಿ ಮಾತಾಡಬಹುದು. ಯುವಕನ ನಂಬರು ಒತ್ತಲು ಫೋನು ತೆಗೆಯುವಷ್ಟರಲ್ಲಿ ಅದೇ ನಂಬರಿನಿಂದ ಕರೆ ಬಂತು. ಆ ಕಡೆ ಮಾತಿರಲಿಲ್ಲ, ಅಳು ಮಾತ್ರ. ಇನ್‌ಸ್ಪೆಕ್ಟರ್ "ಹೂಂ, ಹೂಂ" ಎನ್ನುತ್ತ ಒಗೆಯುವ ಕಲ್ಲಿನ ಮೇಲೆ ಕೂತರು.

ಉದ್ದಣ್ಣ ದೂರದಿಂದಲೇ ಮುಖ ನೋಡಿ ಟೋಪಿ ತೆಗೆದ.

ಮಧ್ಯಾಹ್ನ ಠಾಣೆಯಲ್ಲಿ ಹೇಳಿಕೆ ಬರೆದುಕೊಂಡದ್ದಾಯಿತು. ಕೊನೆಯಲ್ಲಿ "ಓದಿ ಹೇಳಲಾಗಿ, ಸರಿಯಿದೆಯೆಂದು ಒಪ್ಪಿರುತ್ತಾರೆ" ಎಂಬ ಸಾಲು. ಯಾವ ಹೇಳಿಕೆಯಾದರೂ ಕೆಳಗೆ ಅದನ್ನು ಬರೆಯುವುದು ರೂಢಿ. ನಿಜವಾಗಿ ಓದಿ ಹೇಳುವವರು ಕಡಿಮೆ. ಇವತ್ತು ಇನ್‌ಸ್ಪೆಕ್ಟರ್ ತಾವೇ ಹಾಳೆ ಕೈಗೆತ್ತಿಕೊಂಡರು.

ಬಾಗಿಲಲ್ಲಿ ಟೀಚರಮ್ಮ ನಿಂತಿದ್ದರು. ಅವರಿಗೆ ಗೊತ್ತಿದ್ದದ್ದು ಫ್ಯೂಸಿನ ವಿಷಯ, ಆ ತಾಯಿಯ ಸಾವಿನ ವಿಷಯ, ಅಷ್ಟೇ. ಮುಂದಿನ ಸಾಲಿಗೆ ಬಂದಾಗ ಇನ್‌ಸ್ಪೆಕ್ಟರ್ ತಡವರಿಸಿದರು. ಬಿಟ್ಟು ಓದುವಂತಿರಲಿಲ್ಲ. ಓದಿದರು: "ನನಗೆ ಎರಡು ವರ್ಷಗಳಿಂದ ಕಣ್ಣು ಕಾಣಿಸುವುದಿಲ್ಲ."

ಬಳೆ ಬಾಗಿಲಿಗೆ ತಾಗಿದ ಸದ್ದಾಯಿತು.

"ಅಕ್ಕ ಇಲ್ಲೇ ಇದ್ದಾಳಾ?" ಎಂದು ಅವನು ಕೇಳಿದ.

"ಇದ್ದಾರೆ."

"ಹಾಗಾದ್ರೆ ಇನ್ನು ಪೇಪರ್ ಹಿಡ್ಕೊಂಡು ಕೂರೋದು ತಪ್ಪಿತು." ನಗಲು ನೋಡಿದ. ಆಗಲಿಲ್ಲ.

ಇನ್‌ಸ್ಪೆಕ್ಟರ್ ಅವನ ಬೆರಳು ಹಿಡಿದು ಸಹಿ ಹಾಕುವ ಜಾಗದ ಮೇಲಿಟ್ಟರು. ಮೂರೂವರೆಗೆ ಬಂಧಿಸಲಾಯಿತೆಂದು ಬರೆದರು. ಮನೆಯನ್ನು ಕೊಳ್ಳಲು ಇನ್ನು ಯಾರೂ ಬರುವುದಿಲ್ಲವೆಂದು ಬ್ರೋಕರ್ ಆಗಲೇ ಹೇಳಿ ಹೋಗಿದ್ದ.

ಲಾಕಪ್ಪಿನ ಕಡೆಗೆ ಹೊರಟಾಗ ಅವನು ಕೈಚಾಚಿ ಠಾಣೆಯ ಗೋಡೆಯನ್ನು ಮುಟ್ಟಿದ. ಒರಟು ಗೋಡೆ. ಕೈ ಅಲ್ಲೇ ನಿಂತಿತು, ಕಾಲೂ ನಿಂತಿತು.

"ಈ ಗೋಡೆ ಎಲ್ಲಿಗೆ ಹೋಗುತ್ತೆ?"

ಉದ್ದಣ್ಣ ಅವನ ಕೈಯನ್ನು ಗೋಡೆಯಿಂದ ಬಿಡಿಸಿ ತನ್ನ ತೋಳಿನ ಮೇಲಿಟ್ಟುಕೊಂಡ. ಇನ್‌ಸ್ಪೆಕ್ಟರ್ ತಲೆಯೆತ್ತಲಿಲ್ಲ. ಮೆಲ್ಲಗೆ ದೂರವಾಗುತ್ತಿದ್ದ ಹೆಜ್ಜೆಗಳು ಮಾತ್ರ ಅವರಿಗೆ ಕೇಳಿಸುತ್ತಿದ್ದವು, ಅವುಗಳ ನಡುವೆ ಉದ್ದಣ್ಣನ ದನಿ: "ಇಲ್ಲಿ ಹೊಸ್ತಿಲಿದೆ, ಕಾಲೆತ್ತಿ ಸಾರ್."